ಒಬ್ಬೊಬ್ಬರಿಗೂ ಕೇಳಿಸಿದ ಸ್ವರ

ಸೀನಾಯಿ ಬೆಟ್ಟದ ಬುಡದಲ್ಲಿ ಇಸ್ರಾಯೇಲ್ ಜನರೆಲ್ಲರೂ ಕೂಡಿ ನಿಂತಿದ್ದರು. ಆದರೂ ದಶಾಜ್ಞೆಗಳ ಇಬ್ರಿಯ ಮೂಲದಲ್ಲಿ ದೇವರು ಅವರಿಗೆ ‘ನೀವು’ ಎನ್ನದೆ ‘ನೀನು’ ಎಂದೇ ಹೇಳಿದನು. ಈಗಿನ ಇಂಗ್ಲಿಷಿನಲ್ಲಿ ಈ ಭೇದವು ಕಾಣದು. ಕನ್ನಡ ಆಡುವ ನಮಗೆ ಅದು ಸುಲಭವಾಗಿ ತಿಳಿಯುವದು.

ಯೆಹೂದ್ಯ ಬೋಧಕರು ಮಿದ್ರಾಷ್ ಎಂಬ ತಮ್ಮ ವ್ಯಾಖ್ಯಾನಗಳಲ್ಲಿ ಇದನ್ನು ಇನ್ನೂ ಆಳವಾಗಿ ವಿಚಾರಿಸಿದ್ದಾರೆ. 29ನೆಯ ಕೀರ್ತನೆಯು ಯೆಹೋವನ ಸ್ವರದ ಶಕ್ತಿಯನ್ನು ಹೇಳುತ್ತದಷ್ಟೆ. ಅದು ಯಾರ ಶಕ್ತಿ? ಕೇಳುವವನ ಶಕ್ತಿಗೆ ತಕ್ಕದ್ದೆಂಬದೇ ಅವರು ಮಾಡಿದ ಅರ್ಥ. ಮುದುಕರು, ಯೌವನಸ್ಥರು, ಸ್ತ್ರೀಯರು, ಮೊಲೆಕೂಸುಗಳು ಸಹ ತಾವು ತಾಳಬಲ್ಲಷ್ಟನ್ನು ಕೇಳಿದರಂತೆ. ಒಂದೇ ಮನ್ನವು ಒಬ್ಬೊಬ್ಬರ ಬಾಯಿಗೆ ಒಂದೊಂದು ರುಚಿಯಾದ ಹಾಗೆ.

“ಓದುಬಾರದ ನನ್ನಂಥವಳಿಗೆ ದೇವರು ಏನು ಹೇಳಿಯಾನು?” ಎನ್ನುವ ಪಿರಿಯಾಪಟ್ಟಣದ ತಾಯೇ, ರಾತ್ರಿ ಹೊಗೆಸೊಪ್ಪಿನ ಬ್ಯಾರನ್ನಿನ ಒಲೆ ಕಾಯುವಾಗ ಇದನ್ನು ಯೋಚಿಸಮ್ಮಾ. ಆದರೆ ‘ನೀನು’ ಎಂಬದರಲ್ಲಿ ಭಯವೂ ಉಂಟು: ತೂಕದಲ್ಲಿ ಊರೆಲ್ಲಾ ಮೋಸಮಾಡುತ್ತದೆಂದು ಗುಂಪಿನ ಹಿಂದೆ ಅಡಗುವದಕ್ಕಾಗದು.

ಆ ಸ್ವರವು 70 ಭಾಷೆಗಳಾಗಿ ಹಂಚಿಹೋಯಿತೆಂದೂ ಆ ಬೋಧಕರು ಹೇಳುತ್ತಾರೆ. ಹಾಗಾದರೆ ಹೆಗ್ಗಡದೇವನಕೋಟೆಯ ಹಾಡಿಯಲ್ಲಿ ಜೇನುಕುರುಬ ಅಜ್ಜಿಯೊಬ್ಬಳು ತನ್ನ ಮನೆಮಾತಿನಲ್ಲಿಯೇ ಪ್ರಾರ್ಥಿಸಿದರೆ, ಪುಸ್ತಕದ ಕನ್ನಡ ಬಲ್ಲ ನಾವು ಅವಳನ್ನು ತಿದ್ದಹೋಗುವದೇಕೆ?