ಹೆಡ್‌ಫೋನಿಗೆ ಯಾವ ಹಾಡು?

ಹೊಸ ಹೆಡ್‌ಫೋನ್ ಕೊಂಡವರು ಮೊದಲು ಮಾಡುವ ಕೆಲಸ, ಅದು ಚೆನ್ನಾಗಿದೆ ಅಂತ ತಮಗೇ ಒಪ್ಪಿಸಿಕೊಳ್ಳುವುದು. ನಾನೂ ಮಾಡಿದೆ. 22 ಸಾವಿರ ಕೊಟ್ಟಿದ್ದೆ, ಸುಮ್ಮನೆ ಅಲ್ಲ. ಟೆಸ್ಟ್ ಮಾಡಲಿಕ್ಕೆ ಅಂತ ಆಫೀಸಿನ ಗೆಳೆಯನೊಬ್ಬ ಹಾಡುಗಳ ಪಟ್ಟಿ ಕೊಟ್ಟ. ಮೊದಲನೆಯದು ಈಗಲ್ಸ್ ತಂಡ 1994ರಲ್ಲಿ ವೇದಿಕೆಯಲ್ಲಿ ನುಡಿಸಿದ 'ಹೋಟೆಲ್ ಕ್ಯಾಲಿಫೋರ್ನಿಯಾ'. ಹೆಡ್‌ಫೋನ್ ಹುಚ್ಚಿನವರಿಗೆ ಅದು ಒಂಥರಾ ಗಣಪತಿ ಪೂಜೆ. ಶುರುವಿನ ಡ್ರಮ್ಮಿನ ಪೆಟ್ಟು ಎದೆಗೆ ಬಡಿದರೆ ಪಾಸ್. ಬಡಿಯಿತು. ಅಷ್ಟು ಚೆನ್ನಾಗಿ ರೆಕಾರ್ಡ್ ಆದ ಹಾಡು ಯಾವುದರಲ್ಲಿ ಕೇಳಿದರೂ ಚೆನ್ನಾಗೇ ಇರುತ್ತದಲ್ಲ ಅಂತ ಆಗ ಹೊಳೆಯಲಿಲ್ಲ.

ಪಟ್ಟಿಯಲ್ಲಿ ಸುಝಾನ್ ವೇಗಾ ಅವರ 'ಟಾಮ್ಸ್ ಡೈನರ್' ಕೂಡ ಇತ್ತು. 1987ರ ಆಲ್ಬಮ್ಮಿನದು. ವಾದ್ಯವೇ ಇಲ್ಲ, ಬರೀ ದನಿ. ಜರ್ಮನಿಯಲ್ಲಿ ಎಂಪಿತ್ರೀ ರೂಪಿಸುತ್ತಿದ್ದ ಕಾರ್ಲ್‌ಹೈನ್ಜ್ ಬ್ರಾಂಡನ್‌ಬುರ್ಗ್ ಈ ಹಾಡಿನ ಬೆನ್ನು ಹತ್ತಿದ್ದು, ಅದು ಅವರ ಕೈಯಲ್ಲಿ ಕೆಟ್ಟದಾಗಿ ಬರುತ್ತಿತ್ತು ಅಂತ. ಬೇರೆ ಹಾಡುಗಳೆಲ್ಲ ಸರಿಯಾಗಿ ಬಂದರೂ ಈ ಒಂಟಿ ದನಿ ಒಡೆದುಹೋಗುತ್ತಿತ್ತು. ಸರಿಯಾಗುವವರೆಗೂ ಅದನ್ನೇ ಮತ್ತೆ ಮತ್ತೆ ಕೇಳಿದರು. ನಮ್ಮ ಕಸುಬಿನವರಿಗೆ ಇದು ಹೊಸದಲ್ಲ. ನಾವು ಬರೆದ ಕೋಡಿಗೆ ನಾವೇ ಟೆಸ್ಟ್ ಕೇಸ್ ಬರೆದರೆ ಎಲ್ಲ ಹಸಿರೇ ಬರುತ್ತದೆ. ಸೋಲುವ ಸಾಧ್ಯತೆಯೇ ಇಲ್ಲದಿದ್ದರೆ ಅದನ್ನು ಪರೀಕ್ಷೆ ಅನ್ನುವುದು ಹೇಗೆ?

ಆ ವಾರದ ಕೊನೆಗೆ ಹೊಸನಗರ ತಾಲ್ಲೂಕಿನ ನಮ್ಮೂರಿಗೆ ಹೋದಾಗ ಅದನ್ನು ಅಪ್ಪಯ್ಯನ ಕಿವಿಗೆ ಹಾಕಿದೆ. ಅವರು ಕೇಳಿದ್ದು ಕಾಳಿಂಗ ನಾವಡರ ಪದ್ಯ. ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಈಗಿನ ನನಗಿಂತ ಚಿಕ್ಕವರು. ತೀರ್ಥಹಳ್ಳಿ ಕಡೆಯ ಒಂದು ಆಟದಲ್ಲಿ ಯಾರೋ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದರ ಕಾಪಿ ಅಪ್ಪಯ್ಯನ ಹತ್ತಿರ ಇತ್ತು. ಸಾಗರದ ಒಂದು ಅಂಗಡಿಯಲ್ಲಿ ಅದನ್ನು ಎಂಪಿತ್ರೀ ಮಾಡಿಸಿದ್ದೆ.

ಎರಡೇ ನಿಮಿಷಕ್ಕೆ ತೆಗೆದಿಟ್ಟರು. "ಎಂತದೋ ಸರಿ ಇಲ್ಲ ಮಾರಾಯ. ಚಂಡೆ ತಲೆ ಒಳಗೇ ಕೂತು ಬಡೀತಾ ಇದೆ. ಆಟದ ಚಂಡೆ ಹೀಂಗಿರ್ತದಾ?"

"ಕ್ಯಾಸೆಟ್ಟೇ ಹಳೇದು ಅಪ್ಪಯ್ಯ."

"ನನ್ನ ಮೊಬೈಲಲ್ಲಿ ಸರಿ ಬರ್ತದಲ್ಲ?"

"ನಿಂಗೆ ವಯಸ್ಸಾಯ್ತು. ಕಿವಿ ಮೊದಲಿನ ಹಾಗೆ ಎಲ್ಲಿದೆ?"

ಅವರು ಏನೂ ಹೇಳಲಿಲ್ಲ. ಎದ್ದು ಕೊಟ್ಟಿಗೆ ಕಡೆ ಹೋದರು.

ನಾನಂದದ್ದು ಸುಳ್ಳಲ್ಲ. ವಯಸ್ಸಾದಂತೆ ಏರು ಸ್ಥಾಯಿಯ ಸದ್ದುಗಳು ಮೊದಲು ಹೋಗುತ್ತವೆ. ಆದರೆ ಆ ಹೊತ್ತಿಗೆ ನನಗೆ ಬೇಕಿದ್ದದ್ದು ನಿಜವಲ್ಲ, ನನ್ನ 22 ಸಾವಿರದ ಮರ್ಯಾದೆ. ಅದಕ್ಕಾಗಿ ಮೊದಲು ಕ್ಯಾಸೆಟ್ಟನ್ನು ಫೇಲ್ ಮಾಡಿದೆ, ಅದು ಸಾಲದೆ ಅಪ್ಪಯ್ಯನ ಕಿವಿಯನ್ನು. ರಾತ್ರಿ ನನ್ನದೇ ಕಿವಿ ಪರೀಕ್ಷೆ ಮಾಡಿಕೊಂಡೆ. 16,000 ಹರ್ಟ್ಜ್ ದಾಟಿದ ಮೇಲೆ ಬರೀ ಮೌನ. ಮನುಷ್ಯನ ಕಿವಿಯ ಮಿತಿಯೇ ಸುಮಾರು 20,000. ಹೆಡ್‌ಫೋನಿನ ಡಬ್ಬಿ ಮೇಲೆ 40,000 ಅಂತ ಇದೆ! ಯಾರಿಗೆ ಕೇಳಲಿಕ್ಕೋ.

ಬೆಳಿಗ್ಗೆ ಎದ್ದಾಗ ಅಪ್ಪಯ್ಯನ ಮೊಬೈಲು ಜಗಲಿ ಮೇಲೆ ಸ್ಟೀಲ್ ಚೊಂಬಿನಲ್ಲಿ ಕೂತು ಅದೇ ಪದ್ಯ ಹಾಡುತ್ತಿತ್ತು. ಹತ್ತಿರ ನಿಂತರೆ ಡಬ್ಬ ಬಡಿದ ಹಾಗೆ. ಅಪ್ಪಯ್ಯ ಅಂಗಳದ ಆ ತುದಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದರು. ಪಕ್ಕದಲ್ಲಿ ಹೋಗಿ ಕೂತೆ. ಅಲ್ಲಿಂದ ಚಂಡೆ ಎಲ್ಲೋ ಗದ್ದೆಬಯಲಿನಾಚೆಯಿಂದ ಬಂದ ಹಾಗೆ ಕೇಳುತ್ತಿತ್ತು. ಟೇಪ್ ರೆಕಾರ್ಡರ್ ಇದ್ದದ್ದು ರಂಗಸ್ಥಳದ ಬುಡದಲ್ಲಿ. ಹೆಡ್‌ಫೋನ್ ಅದಕ್ಕೆ ನಿಯತ್ತಾಗಿತ್ತು, ಒಪ್ಪುತ್ತೇನೆ. ಅಪ್ಪಯ್ಯ ಆಟಕ್ಕೆ ಹೋಗುತ್ತಿದ್ದದ್ದು ಕತ್ತಲಲ್ಲಿ, ಚಂಡೆ ಕೇಳಿದ ದಿಕ್ಕಿಗೆ ನಡೆದುಕೊಂಡು.

ತಪ್ಪಾಯ್ತು ಅನ್ನಬೇಕಿತ್ತು. ಬಾಯಿ ಬರಲಿಲ್ಲ. "ಈ ಆಟಕ್ಕೆ ನೀನೂ ಹೋಗಿದ್ದೆಯಾ?" ಅಂತ ಕೇಳಿದೆ.

ಅಪ್ಪಯ್ಯ ಕೈಯಲ್ಲಿದ್ದ ಅಡಿಕೆ ಕೆಳಗಿಟ್ಟು ಹೇಳಲಿಕ್ಕೆ ಶುರುಮಾಡಿದರು.