ಬಾಗಿಲ ಹೊರಗಿನ ಲಾಜರನು ಎದ್ದು ನಿಂತಾಗ

ಸಂತ ಲೂಕರ ಶುಭಸಂದೇಶದಲ್ಲಿ ಬರುವ ಧನಿಕ ಮತ್ತು ಲಾಜರನ ಸಾಮತಿಯನ್ನು ನಾವೆಲ್ಲರೂ ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಆ ಧನಿಕನು ಲಾಜರನನ್ನು ಹೊಡೆದನೆಂದಾಗಲಿ, ಬೈದು ಅಟ್ಟಿದನೆಂದಾಗಲಿ ಪ್ರಭು ಯೇಸು ಹೇಳುವುದಿಲ್ಲ. ಅವನು ದಿನವೂ ಚೆನ್ನಾಗಿ ಉಂಡನು, ಚೆನ್ನಾಗಿ ಉಟ್ಟನು. ಲಾಜರನು ಹಸಿದು ಅವನ ಬಾಗಿಲಲ್ಲಿ ಬಿದ್ದಿದ್ದನು. ಇಬ್ಬರ ನಡುವೆ ಇದ್ದುದು ಒಂದೇ ಒಂದು ಬಾಗಿಲು. ಆ ಬಾಗಿಲೇ ಮುಂದೆ ಯಾರೂ ದಾಟಲಾರದ ಕಂದಕವಾಯಿತು.

ಈ ಸಾಮತಿಯ ಮೇಲೆ ನಾನು ಅನೇಕ ಸಲ ಪ್ರಬೋಧನೆ ಮಾಡಿದ್ದೇನೆ. ಹೆಚ್ಚಾಗಿ ದಾನಧರ್ಮದ ಮಾತನ್ನೇ ಆಡಿದ್ದೇನೆ. ಆದರೆ ಇತ್ತೀಚಿನ ವರ್ಷಗಳಲ್ಲಿ ಒಂದು ಪ್ರಶ್ನೆ ನನ್ನನ್ನು ಬಿಡದೆ ಕಾಡುತ್ತಿದೆ. ಲಾಜರನು ಹಾಗೆ ಮೌನವಾಗಿ ಬಿದ್ದಿರದೆ, ತನ್ನಂತಹ ನೂರು ಜನರನ್ನು ಕೂಡಿಸಿಕೊಂಡು ಅದೇ ಬಾಗಿಲ ಮುಂದೆ ಎದ್ದು ನಿಂತು, 'ನಿಮ್ಮ ಮೇಜಿನ ಮೇಲೆ ಇಷ್ಟೊಂದು ಇರುವಾಗ ನನ್ನ ಪಾಲಿಗೆ ಏನೂ ಇಲ್ಲದಿರುವುದೇಕೆ?' ಎಂದು ಕೇಳಿದ್ದರೆ ನಾವು ಅವನನ್ನು ಏನೆಂದು ಕರೆಯುತ್ತಿದ್ದೆವು? ಸುಮ್ಮನೆ ಬಿದ್ದಿರುವ ಬಡವನಿಗೆ ನಮ್ಮ ಕನಿಕರ ಸಿಗುತ್ತದೆ. ಎದ್ದು ಪ್ರಶ್ನೆ ಕೇಳುವ ಬಡವನಿಗೆ ಸಿಗುವುದು ನಮ್ಮ ಸಂಶಯ.

ಇದು ಕೇವಲ ಕಲ್ಪನೆಯ ಪ್ರಶ್ನೆಯಲ್ಲ. 2011ರಲ್ಲಿ ಇಂತಹ ಒಂದು ಘಟನೆ ನ್ಯೂಯಾರ್ಕಿನಲ್ಲಿ ಆರಂಭವಾಗಿ, ಲಂಡನ್ನಿನ ಒಂದು ಮಹಾದೇವಾಲಯದ ಮೆಟ್ಟಿಲವರೆಗೆ ಬಂದು ನಿಂತಿತು.

ಹಿನ್ನೆಲೆಯನ್ನು ಸ್ವಲ್ಪ ನೆನೆಯೋಣ. 2008ರಲ್ಲಿ ಅಮೆರಿಕದ ದೊಡ್ಡ ದೊಡ್ಡ ಹಣಕಾಸು ಸಂಸ್ಥೆಗಳು ತಾವೇ ಆಡಿದ ಸಾಲದ ಜೂಜಿನಲ್ಲಿ ಕುಸಿದವು. ಅವುಗಳನ್ನು ಉಳಿಸಲು ಅಲ್ಲಿನ ಸರಕಾರ 70 ಸಾವಿರ ಕೋಟಿ ಡಾಲರುಗಳವರೆಗಿನ ನೆರವಿಗೆ ಕಾನೂನನ್ನೇ ಮಾಡಿತು. ಸಾಲ ತೀರಿಸಲಾಗದ ಲಕ್ಷಾಂತರ ಕುಟುಂಬಗಳು ಮಾತ್ರ ತಮ್ಮ ಮನೆಗಳನ್ನು ಕಳೆದುಕೊಂಡವು. ಎರಡು ವರ್ಷಗಳಾಗುವುದರೊಳಗೆ, 2010ರ ಜನವರಿಯಲ್ಲಿ, ಆ ದೇಶದ ಸುಪ್ರೀಂ ಕೋರ್ಟು ಚುನಾವಣೆಯ ಸಮಯದಲ್ಲಿ ಕಂಪನಿಗಳು ಸ್ವತಂತ್ರವಾಗಿ ಮಾಡುವ ಪ್ರಚಾರದ ವೆಚ್ಚಕ್ಕೆ ಮಿತಿ ಹಾಕುವಂತಿಲ್ಲವೆಂದೂ ಅದು ವಾಕ್‌ಸ್ವಾತಂತ್ರ್ಯಕ್ಕೆ ಸೇರಿದುದೆಂದೂ ತೀರ್ಪಿತ್ತಿತು. ಹಣಕ್ಕೆ ನಾಲಗೆ ಬಂದಿತು. ಹಣವಿಲ್ಲದವನ ಧ್ವನಿ ಇನ್ನಷ್ಟು ಕ್ಷೀಣವಾಯಿತು.

2011ರ ಸೆಪ್ಟೆಂಬರ್ 17ರಂದು ಕೆಲವು ನೂರು ಜನರು ನ್ಯೂಯಾರ್ಕಿನ ಹಣಕಾಸು ಕೇಂದ್ರವಾದ ವಾಲ್ ಸ್ಟ್ರೀಟ್ ಬಳಿಯ ಜುಕೋಟಿ ಉದ್ಯಾನದಲ್ಲಿ ಬಂದು ಕುಳಿತರು. ಶೇಕಡಾ ಒಂದರಷ್ಟು ಜನರ ಕೈಯಲ್ಲಿ ಸಂಪತ್ತೂ ಅಧಿಕಾರವೂ ಸೇರಿಕೊಂಡಿವೆ, ನಾವು ಉಳಿದ ತೊಂಬತ್ತೊಂಬತ್ತು ಎಂಬುದು ಅವರ ಘೋಷಣೆಯಾಗಿತ್ತು. ಅಲ್ಲಿ ಧ್ವನಿವರ್ಧಕ ಬಳಸಲು ಪೊಲೀಸರ ಅನುಮತಿ ಇರಲಿಲ್ಲ. ಆದುದರಿಂದ ಒಬ್ಬನು ಒಂದು ವಾಕ್ಯ ಹೇಳುತ್ತಿದ್ದನು. ಸುತ್ತಲಿನವರು ಅದನ್ನು ಗಟ್ಟಿಯಾಗಿ ಪುನರುಚ್ಚರಿಸಿ ಹಿಂದಿನವರಿಗೆ ಮುಟ್ಟಿಸುತ್ತಿದ್ದರು. ಇದನ್ನು ಕೇಳಿದಾಗ ನನಗೆ ನಮ್ಮ ಮನವಿಮಾಲೆಯ ನೆನಪಾಯಿತು. ಮತ್ತೊಬ್ಬನ ಮಾತನ್ನು ಇನ್ನೊಬ್ಬರಿಗೆ ತಲುಪಿಸಬೇಕಾದರೆ ಮೊದಲು ಅದನ್ನು ಪೂರ್ತಿ ಕೇಳಿಸಿಕೊಳ್ಳಬೇಕಲ್ಲವೆ? ಎರಡು ತಿಂಗಳು ತುಂಬುವ ಮೊದಲೇ, ನವೆಂಬರ್ 15ರ ನಸುಕಿನಲ್ಲಿ, ಪೊಲೀಸರು ಆ ಉದ್ಯಾನವನ್ನು ತೆರವುಗೊಳಿಸಿದರು.

ಅಷ್ಟರಲ್ಲಿ ಚಳವಳಿ ಅನೇಕ ದೇಶಗಳಿಗೆ ಹಬ್ಬಿತ್ತು. ಅಕ್ಟೋಬರ್ 15ರಂದು ಲಂಡನ್ನಿನ ಜನರು ಅಲ್ಲಿನ ಷೇರು ವಿನಿಮಯ ಕೇಂದ್ರದ ಮುಂದೆ ಕೂರಲು ಹೊರಟರು. ಪೊಲೀಸರು ಅಡ್ಡಗಟ್ಟಿದರು. ಆಗ ಅವರು ಪಕ್ಕದಲ್ಲೇ ಇದ್ದ ಆಂಗ್ಲಿಕನ್ ಸಭೆಯ ಸಂತ ಪೌಲರ ಮಹಾದೇವಾಲಯದ ಅಂಗಳದಲ್ಲಿ ಡೇರೆ ಹಾಕಿದರು. ಮರುದಿನ ಭಾನುವಾರ. ದೇವಾಲಯದ ಗುರುಗಳಲ್ಲೊಬ್ಬರಾದ ಜೈಲ್ಸ್ ಫ್ರೇಸರ್ ಅವರು ಶಾಂತಿಯುತವಾಗಿ ಪ್ರತಿಭಟಿಸುವ ಹಕ್ಕು ಜನರಿಗಿದೆಯೆಂದು ಹೇಳಿ, ಮೆಟ್ಟಿಲ ಮೇಲೆ ನಿಂತಿದ್ದ ಪೊಲೀಸರನ್ನೇ ಸರಿದು ನಿಲ್ಲುವಂತೆ ಕೇಳಿಕೊಂಡರು. ಆದರೆ ಅದೇ ವಾರ, ಅಕ್ಟೋಬರ್ 21ರಂದು, ಸುರಕ್ಷತೆಯ ಕಾರಣ ನೀಡಿ ಮಹಾದೇವಾಲಯದ ಬಾಗಿಲುಗಳನ್ನು ಮುಚ್ಚಲಾಯಿತು. ಎರಡನೆಯ ಮಹಾಯುದ್ಧದ ಕಾಲದ ಬಳಿಕ ಆ ಬಾಗಿಲುಗಳು ಹಾಗೆ ಮುಚ್ಚಿದ್ದು ಅದೇ ಮೊದಲು. ಡೇರೆಗಳನ್ನು ಬಲಪ್ರಯೋಗದಿಂದ ತೆಗೆಸುವ ಸಂಭವ ಕಂಡಾಗ ಫ್ರೇಸರ್ ಅವರು ಅಕ್ಟೋಬರ್ 27ರಂದು ತಮ್ಮ ಹುದ್ದೆಗೆ ರಾಜೀನಾಮೆ ನೀಡಿದರು. ಮರುದಿನ ಬಾಗಿಲು ತೆರೆಯಿತು. ಅಕ್ಟೋಬರ್ 31ರಂದು ದೇವಾಲಯದ ಮುಖ್ಯ ಗುರುಗಳಾದ ಗ್ರೇಮ್ ನೋಲ್ಸ್ ಅವರೂ ರಾಜೀನಾಮೆಯಿತ್ತರು. ದೇವಾಲಯ ತನ್ನ ಕಡೆಯ ಕಾನೂನು ಕ್ರಮವನ್ನು ತಡೆಹಿಡಿಯಿತು. ಆದರೂ ನಗರಾಡಳಿತ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಾಲಯದ ಆದೇಶ ಬಂದು, 2012ರ ಫೆಬ್ರವರಿ ಕೊನೆಯಲ್ಲಿ ಡೇರೆಗಳು ತೆರವಾದವು.

ಆ ದೇವಾಲಯದ ಹಿರಿಯರನ್ನು ಇಲ್ಲಿ ಕುಳಿತು ಖಂಡಿಸುವುದು ಸುಲಭ. ನಾನು ಹಾಗೆ ಮಾಡಲಾರೆ. ಅವರ ಮೇಲೆ ನಿತ್ಯಪೂಜೆಯ ಹೊಣೆಯಿತ್ತು, ಪುರಾತನ ಕಟ್ಟಡದ ಹೊಣೆಯಿತ್ತು, ಒಳಗೆ ಬರುವ ಜನರ ಜೀವದ ಹೊಣೆಯಿತ್ತು. ಅವರನ್ನು ಖಂಡಿಸಲಾರದಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಅಂತಹುದೇ ಒಂದು ಬಾಗಿಲನ್ನು ನಾನೂ ಮುಚ್ಚಿದವನೇ.

ಬಹಳ ವರ್ಷಗಳ ಹಿಂದೆ ನಾನು ಒಂದು ಸಣ್ಣ ಪಟ್ಟಣದ ಧರ್ಮಕೇಂದ್ರದ ಗುರುವಾಗಿದ್ದೆ. ಊರಿನ ಕಾರ್ಖಾನೆಯೊಂದರಲ್ಲಿ ಎರಡು ತಿಂಗಳ ಕೂಲಿ ಬಾಕಿಯಾಗಿ ಕೆಲಸಗಾರ ಹೆಂಗಸರು ಗೇಟಿನ ಮುಂದೆ ಧರಣಿ ಕುಳಿತಿದ್ದರು. ಮಳೆಗಾಲ. ಗೇಟಿನ ಬಳಿಯಿಂದ ಅವರನ್ನು ಎಬ್ಬಿಸಿದಾಗ ಮೂವತ್ತು ನಲವತ್ತು ಮಂದಿ ನಮ್ಮ ಚರ್ಚಿನ ಸಭಾಭವನದಲ್ಲಿ ಎರಡು ದಿನ ಕೂರಲು ಅನುಮತಿ ಕೇಳಿಕೊಂಡು ಬಂದರು. ಅವರಲ್ಲಿ ನಮ್ಮವರೂ ಇದ್ದರು, ಬೇರೆ ಧರ್ಮದವರೂ ಇದ್ದರು. ಆ ಸಭಾಭವನದ ಛಾವಣಿಗೆ ಹಣ ಕೊಟ್ಟವರು ಕಾರ್ಖಾನೆಯ ಮಾಲೀಕರು. ಪಾಲನಾ ಸಮಿತಿಯನ್ನು ಕೇಳಿ ಹೇಳುತ್ತೇನೆಂದು ನಾನು ಹೇಳಿದೆ. ಸಮಿತಿಯ ಸಭೆ ಇದ್ದುದು ಹತ್ತು ದಿನಗಳ ನಂತರವೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರಲ್ಲೊಬ್ಬ ಹಿರಿಯಾಕೆ, 'ಆಗಲಿ ಫಾದರ್, ಭಾನುವಾರ ಪೂಜೆಗೆ ಬರ್ತೀವಿ' ಎಂದಷ್ಟೇ ಹೇಳಿ ಹೋದರು. ಆ ಭಾನುವಾರ ಅವರು ಬಂದರು. ಎಂದಿನ ಜಾಗದಲ್ಲಿ ಕುಳಿತರು. ಬಲಿಪೀಠದಲ್ಲಿ ನಿಂತಿದ್ದ ನನಗೆ ಆ ಕಡೆ ನೋಡುವ ಧೈರ್ಯವಾಗಲಿಲ್ಲ.

ನಾನು ಆ ಹೆಂಗಸರ ವಿರುದ್ಧ ಒಂದು ಮಾತನ್ನೂ ಆಡಿರಲಿಲ್ಲ. ಸಾಮತಿಯ ಆ ಧನಿಕನೂ ಆಡಿರಲಿಲ್ಲ.

ಹಾಗಾದರೆ ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಅಸ್ಪಷ್ಟವಾಗಿದೆಯೆ? ಇಲ್ಲ. 1891ರಲ್ಲಿಯೇ ಜಗದ್ಗುರು ಹದಿಮೂರನೆಯ ಲಿಯೋರವರು 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರದಲ್ಲಿ ಕೆಲಸಗಾರರಿಗೆ ಸಂಘ ಕಟ್ಟುವ ಹಕ್ಕಿದೆಯೆಂದೂ ನ್ಯಾಯವಾದ ಕೂಲಿ ಮಾಲೀಕನ ಔದಾರ್ಯವಲ್ಲ, ಅವನ ಕರ್ತವ್ಯವೆಂದೂ ಸಾರಿದರು. 1967ರಲ್ಲಿ ಆರನೆಯ ಪೌಲರು ಖಾಸಗಿ ಆಸ್ತಿಯ ಹಕ್ಕು ನಿರಂಕುಶವಾದುದಲ್ಲವೆಂದು ಬರೆದರು. 1987ರಲ್ಲಿ ಎರಡನೆಯ ಜಾನ್ ಪೌಲರು ಪಾಪದ ರಚನೆಗಳ ಕುರಿತು ಮಾತನಾಡಿದರು. ಎಂದರೆ, ಅನೇಕರ ಸಣ್ಣ ಸಣ್ಣ ಸ್ವಾರ್ಥಗಳೂ ಹೇಡಿತನಗಳೂ ಸೇರಿ ಒಂದು ವ್ಯವಸ್ಥೆಯಾಗಿ ಬೇರೂರಿ, ಕೊನೆಗೆ ಪಾಪನಿವೇದನೆಯಲ್ಲಿ ಅದು ತನ್ನದೆಂದು ಯಾರೂ ಹೇಳಿಕೊಳ್ಳದ ಸ್ಥಿತಿ. ಲಂಡನ್ನಿನ ಬಾಗಿಲು ಮುಚ್ಚಿದ್ದ ಅದೇ ವಾರದಲ್ಲಿ, 2011ರ ಅಕ್ಟೋಬರ್ 24ರಂದು, ವ್ಯಾಟಿಕನ್ನಿನ ನ್ಯಾಯ ಮತ್ತು ಶಾಂತಿ ಮಂಡಳಿಯು ಮಾರುಕಟ್ಟೆಯ ಆರಾಧನೆಯನ್ನು ಟೀಕಿಸಿ, ವಿಶ್ವದ ಹಣಕಾಸು ವ್ಯವಸ್ಥೆಯ ಸುಧಾರಣೆಯನ್ನು ಕೋರುವ ಪತ್ರವನ್ನು ಪ್ರಕಟಿಸಿತು. 2025ರಲ್ಲಿ ಜಗದ್ಗುರುಗಳಾಗಿ ಆಯ್ಕೆಯಾದ ಹದಿನಾಲ್ಕನೆಯ ಲಿಯೋರವರು ತಾವು ಆ ಹೆಸರನ್ನು ಆರಿಸಿಕೊಂಡದ್ದು ಮುಖ್ಯವಾಗಿ 1891ರ ಆ ಪತ್ರವನ್ನು ಬರೆದ ಲಿಯೋರವರ ನೆನಪಿನಲ್ಲಿ ಎಂದು ತಿಳಿಸಿದರು. ಪತ್ರಗಳಿಗೆ ನಮ್ಮಲ್ಲಿ ಎಂದೂ ಕೊರತೆಯಿಲ್ಲ. ಕೊರತೆಯಿರುವುದು ತೆರೆದ ಬಾಗಿಲುಗಳಿಗೆ.

ಹಣವು ರಾಜ್ಯಾಧಿಕಾರದೊಡನೆ ಕೈಜೋಡಿಸಿದಾಗ ಏನಾಗುತ್ತದೆಂಬುದನ್ನು ನಾಬೋತನ ದ್ರಾಕ್ಷಿತೋಟದ ಕಥೆ ತೋರಿಸಿಕೊಡುತ್ತದೆ. ಅರಸನಾದ ಅಹಾಬನಿಗೆ ನೆರೆಯವನ ತೋಟ ಬೇಕಾಯಿತು. ರಾಣಿ ಈಜೆಬೆಲಳು ಸೈನ್ಯವನ್ನು ಕಳುಹಿಸಲಿಲ್ಲ. ಅರಸನ ಮುದ್ರೆಯೊತ್ತಿ ಪತ್ರ ಬರೆದಳು. ಊರ ಹಿರಿಯರು ಸಭೆ ಕೂಡಿಸಿದರು, ಸಾಕ್ಷಿಗಳನ್ನು ನಿಲ್ಲಿಸಿದರು, ಶಿಕ್ಷೆ ವಿಧಿಸಿದರು. ಎಲ್ಲವೂ ಕ್ರಮಬದ್ಧವಾಗಿಯೇ ನಡೆಯಿತು. ನಾಬೋತನು ಮಾತ್ರ ಉಳಿಯಲಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ದೂರು ಕೊಡುವುದು ಯಾರಿಗೆ? ಆಗ ಪ್ರವಾದಿ ಎಲೀಯನು ಅರಸನನ್ನು ಎದುರುಗೊಂಡದ್ದು ದೇಗುಲದಲ್ಲಲ್ಲ, ಕಬಳಿಸಲ್ಪಟ್ಟ ಅದೇ ತೋಟದಲ್ಲಿ. ಅನ್ಯಾಯ ನಡೆದ ಸ್ಥಳದಲ್ಲಿಯೇ ಹೋಗಿ ನಿಂತು ಮಾತನಾಡುವುದು ಪ್ರವಾದಿಗಳ ರೂಢಿ.

ಇದು ಅಮೆರಿಕ, ಇಂಗ್ಲೆಂಡುಗಳ ಮಾತಷ್ಟೇ ಎಂದು ನಾವು ಭಾವಿಸಬಾರದು. ನಮ್ಮ ದೇಶದಲ್ಲಿ 2017ರವರೆಗೆ ಒಂದು ಕಂಪನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 7.5ರಷ್ಟನ್ನು ಮಾತ್ರ ರಾಜಕೀಯ ಪಕ್ಷಗಳಿಗೆ ಕೊಡಬಹುದಾಗಿತ್ತು. ಆ ವರ್ಷ ಮಿತಿಯನ್ನು ತೆಗೆದುಹಾಕಲಾಯಿತು. 2018ರಿಂದ ಚುನಾವಣಾ ಬಾಂಡುಗಳು ಜಾರಿಗೆ ಬಂದವು. ಯಾರು ಯಾವ ಪಕ್ಷಕ್ಕೆ ಎಷ್ಟು ಕೊಟ್ಟರೆಂಬುದು ಮತದಾರನಿಗೆ ತಿಳಿಯದಂತಾಯಿತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು, ಅದು ಮತದಾರನ ತಿಳಿಯುವ ಹಕ್ಕಿಗೆ ವಿರುದ್ಧವೆಂದು ಆ ಯೋಜನೆಯನ್ನು ಒಮ್ಮತದಿಂದ ರದ್ದುಗೊಳಿಸಿತು. ಈ ಮಾತನ್ನು ಯಾವುದೇ ಒಂದು ಪಕ್ಷದ ಪರವಾಗಿಯೋ ವಿರೋಧವಾಗಿಯೋ ಹೇಳುತ್ತಿಲ್ಲ. ಬಾಂಡುಗಳ ಹಣವನ್ನು ಪಡೆದ ಪಕ್ಷಗಳು ಹಲವು. ಹಣ ಕೊಟ್ಟವನ ಹೆಸರು ಮತ ಕೊಟ್ಟವನಿಗೆ ತಿಳಿಯದಿದ್ದಾಗ, ಆಳುವವನು ಯಾರಿಗೆ ಋಣಿಯಾಗಿದ್ದಾನೆಂದು ತಿಳಿಯುವ ದಾರಿಯೇ ಇರುವುದಿಲ್ಲ.

ಪ್ರತಿಭಟನೆಯ ವಿರುದ್ಧ ಕೇಳಿಬರುವ ಆಕ್ಷೇಪಗಳನ್ನೂ ಪ್ರಾಮಾಣಿಕವಾಗಿ ಎದುರಿಸಬೇಕು. ಬೇಡಿಕೆ ಏನೆಂದು ಆ ಜನರಿಗೇ ಸ್ಪಷ್ಟವಿರಲಿಲ್ಲವೆಂಬುದು ಒಂದು ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ಆದರೆ ನೋವಿನಿಂದ ಕೂಗುವವನು ಔಷಧದ ಹೆಸರನ್ನೂ ಹೇಳಬೇಕೆಂದು ವೈದ್ಯನು ಹಟ ಹಿಡಿಯುವನೆ? ಇದೆಲ್ಲ ಶ್ರೀಮಂತರ ಮೇಲಿನ ಅಸೂಯೆ ಎಂಬುದು ಇನ್ನೊಂದು ಆಕ್ಷೇಪ. ಅಸೂಯೆ ಪಾಪವೇ ಹೌದು. ಆದರೆ ಮತ್ತೊಬ್ಬನಿಗೆ ಸಲ್ಲಬೇಕಾದುದನ್ನು ನನಗೆ ಬೇಕೆನ್ನುವುದು ಅಸೂಯೆ. ನನಗೆ ಸಲ್ಲಬೇಕಾದುದನ್ನು ನನಗೆ ಕೊಡಿ ಎನ್ನುವುದು ನ್ಯಾಯದ ಕೇಳಿಕೆ. ತಡೆಹಿಡಿದ ಕೂಲಿಯೇ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಕೋಬರು ತಮ್ಮ ಪತ್ರದಲ್ಲಿ ಎಚ್ಚರಿಸುವುದು ಇದನ್ನೇ.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದುದು. ತೊಂಬತ್ತೊಂಬತ್ತು ಮಂದಿ ಒಳ್ಳೆಯವರು, ಒಬ್ಬ ಮಾತ್ರ ಕೆಟ್ಟವನು ಎಂಬ ಲೆಕ್ಕ ಶುಭಸಂದೇಶದ ಲೆಕ್ಕವಲ್ಲ. ಜಕ್ಕಾಯನು ಧನಿಕನೇ ಆಗಿದ್ದನು. ಪ್ರಭು ಅವನ ಮನೆಯಲ್ಲಿ ಊಟಕ್ಕೆ ಕುಳಿತರು. ಆದರೆ ಆ ಊಟದ ಬಳಿಕ ಅವನು ಆಸ್ತಿಯ ಅರ್ಧವನ್ನು ಬಡವರಿಗೆ ಕೊಡಲು, ಮೋಸದಿಂದ ಪಡೆದುದಕ್ಕೆ ನಾಲ್ಕರಷ್ಟು ಹಿಂದಿರುಗಿಸಲು ಸಿದ್ಧನಾದನು. ಧನಿಕನನ್ನು ದ್ವೇಷಿಸದೆ ಅವನ ಅನ್ಯಾಯವನ್ನು ಎದುರಿಸುವುದು ಕ್ರೈಸ್ತನ ಪ್ರತಿಭಟನೆ. ಹಿಂಸೆಗೆ, ಸುಳ್ಳಿಗೆ ಅದರಲ್ಲಿ ಸ್ಥಳವಿಲ್ಲ. ಅಷ್ಟೇ ಅಲ್ಲ, ಆ ತೊಂಬತ್ತೊಂಬತ್ತರಲ್ಲಿ ನಾವೂ ಇದ್ದೇವೆಂದು ಹೇಳಿಕೊಳ್ಳುವಾಗ ನಮ್ಮ ಮನೆಯ ಪಾತ್ರೆ ತೊಳೆಯುವಾಕೆಯ ಕಣ್ಣಿಗೆ ನಾವು ಯಾವ ಕಡೆಯವರಾಗಿ ಕಾಣುತ್ತೇವೆಂದು ಕೇಳಿಕೊಳ್ಳಬೇಕು.

ಪ್ರಿಯ ಓದುಗರೇ, ಹಾಗಾದರೆ ನಾವು ಮಾಡಬೇಕಾದುದೇನು? ಎಲ್ಲರೂ ಬೀದಿಗಿಳಿಯಬೇಕೆಂದು ನಾನು ಹೇಳುವುದಿಲ್ಲ. ಮೊದಲು ನಮ್ಮ ಮನೆಯಲ್ಲಿ ದುಡಿಯುವವರ ಕೂಲಿಯನ್ನು ಸರಿಯಾದ ದಿನಕ್ಕೆ, ಸರಿಯಾದ ಪ್ರಮಾಣದಲ್ಲಿ ಕೊಡೋಣ. ಮತಕ್ಕಾಗಿ ಹಂಚುವ ಹಣವನ್ನು, ಸೀರೆಯನ್ನು ಮುಟ್ಟದಿರೋಣ. ಕೊಟ್ಟವನು ಅದನ್ನು ನಮ್ಮಿಂದಲೇ ವಸೂಲು ಮಾಡುತ್ತಾನೆ. 2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳ ಬಳಿಕ ಪ್ರತಿಯೊಬ್ಬ ಅಭ್ಯರ್ಥಿಯೂ ತನ್ನ ಆಸ್ತಿಯ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕಾಗಿದೆ. ಚುನಾವಣೆಗೆ ಮೊದಲು ಮನೆಮಂದಿಯೆಲ್ಲ ಕುಳಿತು ಅದನ್ನೊಮ್ಮೆ ಓದೋಣ. ನಮ್ಮ ಧರ್ಮಕೇಂದ್ರಗಳ ಲೆಕ್ಕಪತ್ರ ಎಲ್ಲರ ಕಣ್ಣಿಗೂ ಬೀಳುವಂತಿರಲಿ. ದೊಡ್ಡ ದಾನ ಬಂದಾಗ ಅದರೊಡನೆ ನಮ್ಮ ನಾಲಗೆಯನ್ನು ಕಟ್ಟುವ ಹಗ್ಗವೂ ಬಂದಿದೆಯೇ ಎಂದು ಗುರುಗಳೂ ಪಾಲನಾ ಸಮಿತಿಯವರೂ ನೋಡಿಕೊಳ್ಳಲಿ. ನ್ಯಾಯ ಕೇಳುವವರು ಶಾಂತಿಯಿಂದ ನಮ್ಮ ಅಂಗಳಕ್ಕೆ ಬಂದರೆ ಕೂರಲು ಒಂದು ಚಾಪೆ, ಕುಡಿಯಲು ನೀರು, ಅವರ ಮಾತು ಕೇಳಲು ಒಂದು ಗಂಟೆ, ಇಷ್ಟಾದರೂ ನಮ್ಮಲ್ಲಿರಲಿ.

ಆ ಹಿರಿಯಾಕೆ ಈಗ ಎಲ್ಲಿದ್ದಾರೋ ನನಗೆ ತಿಳಿಯದು. ಲಾಜರನ ಸಾಮತಿಯನ್ನು ಓದುವ ಭಾನುವಾರ ಬಂದಾಗಲೆಲ್ಲ ಅವರ ಮುಖ ಕಣ್ಣಮುಂದೆ ಬರುತ್ತದೆ. ಅವರು ನನ್ನಲ್ಲಿ ಭಿಕ್ಷೆ ಕೇಳಿರಲಿಲ್ಲ; ಕೇಳಿದ್ದರೆ ಖಂಡಿತ ಕೊಡುತ್ತಿದ್ದೆ. ಅವರು ಕೇಳಿದ್ದು ತಮ್ಮೊಡನೆ ನಿಲ್ಲಿರೆಂದು. ಪ್ರಭುವೇ, ಮತ್ತೊಮ್ಮೆ ಅಂತಹ ಕೈ ನಮ್ಮ ಬಾಗಿಲನ್ನು ತಟ್ಟಿದಾಗ, ಸಮಿತಿಯ ಸಭೆಯ ದಿನಾಂಕವನ್ನು ಹುಡುಕದೆ ಎದ್ದುಹೋಗಿ ಚಿಲಕ ತೆಗೆಯುವ ಧೈರ್ಯವನ್ನು ನಮಗೆ ದಯಪಾಲಿಸು.