ಮುಪ್ಪಿಗೆ ಬೇಕಾದುದು ದಯೆಯೋ, ನ್ಯಾಯವೋ?



ಐವರು ಅಕ್ಕತಂಗಿಯರು ಮೋಶೆಯ ಮುಂದೆ ಬಂದು ನಿಂತ ಪ್ರಸಂಗವನ್ನು ಸಂಖ್ಯಾಕಾಂಡದ 27ನೇ ಅಧ್ಯಾಯದಲ್ಲಿ ಓದುತ್ತೇವೆ. ಅವರು ಚಲ್ಪಹಾದನ ಪುತ್ರಿಯರು. ಗಂಡುಮಕ್ಕಳಿಲ್ಲದೆ ತೀರಿಹೋದ ತಂದೆಯ ಸ್ವಾಸ್ತ್ಯದಲ್ಲಿ ತಮಗೆ ಪಾಲು ದೊರೆಯಬೇಕೆಂಬುದು ಅವರ ಬೇಡಿಕೆ. ಮೋಶೆ ಅದನ್ನು ದೇವರ ಸನ್ನಿಧಿಗೆ ಒಯ್ದನು. ಅವರ ಮಾತು ನ್ಯಾಯವಾದುದೆಂದು ದೇವರೇ ತೀರ್ಪಿತ್ತರು. ಆ ಹೆಣ್ಣುಮಕ್ಕಳು ಕೇಳಿದ್ದು ಅನ್ನವಸ್ತ್ರವನ್ನಲ್ಲ, ಭೂಮಿಯನ್ನು ಎಂಬುದನ್ನು ಗಮನಿಸಿ.

ಸಕಲೇಶಪುರ, ಆಲೂರು ಸೀಮೆಯ ಮನೆಗಳಲ್ಲಿ ಈ ಬೇಡಿಕೆ ಇನ್ನೂ ಸದ್ದಿಲ್ಲದೆ ಉಳಿದಿದೆ. ಗಂಡಹೆಂಡಿರು ಜೊತೆಯಾಗಿ ದುಡಿಯುತ್ತಾರೆ. ಆದರೆ ಮುಪ್ಪು ಬಂದಾಗ ಒಬ್ಬರ ಹೆಸರಿನಲ್ಲಿ ತೋಟವಿರುತ್ತದೆ, ಇನ್ನೊಬ್ಬರ ಪಾಲಿಗೆ ಮಕ್ಕಳ ಮರ್ಜಿ ಮಾತ್ರ ಇರುತ್ತದೆ. ಇದು ಏಕೆ ಹೀಗೆ?

ತೋಟದ ಕೂಲಿಯನ್ನೇ ಮೊದಲು ನೋಡೋಣ. ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ಕಾನೂನು 1976ರಲ್ಲೇ ಬಂತು. ಆದರೆ ಮರಗಸಿ, ಏಣಿ ಹತ್ತಿ ಮೆಣಸು ಕೊಯ್ಯುವುದು ಗಂಡಾಳಿನ ಕೆಲಸವೆಂದೂ, ಕಳೆ ಕೀಳುವುದು, ಚಿಗುರು ತೆಗೆಯುವುದು, ಹಣ್ಣು ಕೊಯ್ಯುವುದು ಹೆಣ್ಣಾಳಿನ ಕೆಲಸವೆಂದೂ ವಿಂಗಡಿಸಿಬಿಟ್ಟರೆ ಕೂಲಿಯ ಅಂತರಕ್ಕೆ ದಾರಿ ತಾನಾಗಿಯೇ ತೆರೆಯುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಲೆಕ್ಕದ ಪುಸ್ತಕದಲ್ಲಿದೆ. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಐದು ವರ್ಷಗಳ ನಿರಂತರ ಸೇವೆ ಬೇಕು. ವರ್ಷವೊಂದಕ್ಕೆ 240 ದಿನಗಳ ಹಾಜರಿ ಬೇಕು. ಭವಿಷ್ಯನಿಧಿಯ ಮಾಸಿಕ ಪಿಂಚಣಿಗೆ ಹತ್ತು ವರ್ಷಗಳ ಸೇವೆ ಬೇಕು. ಹೆರಿಗೆ, ಬಾಣಂತನ, ಮಗುವಿನ ಕಾಯಿಲೆ, ಅತ್ತೆಯ ಆರೈಕೆ ಎಂದು ಹೆಣ್ಣಿನ ಸೇವೆ ನಡುನಡುವೆ ತುಂಡಾಗುತ್ತದೆ. ಕೊಯ್ಲಿನ ಕಾಲದಲ್ಲಿ ಮಾತ್ರ ಬರುವವಳಿಗೆ ಆ ಹಾಜರಿ ತುಂಬುವುದೇ ಇಲ್ಲ. ಕುಟುಂಬಕ್ಕಾಗಿ ಅವಳು ಮಾಡಿದ ದುಡಿಮೆಯೇ ಅವಳ ಮುಪ್ಪಿನ ಆಸರೆಯನ್ನು ಕಸಿದುಕೊಳ್ಳುತ್ತದೆ. ತಾಯಂದಿರ ದುಡಿಮೆಗೆ ಸಮಾಜವು ಬೆಲೆ ಕೊಡಬೇಕೆಂದು ಜಗದ್ಗುರು ಎರಡನೇ ಜಾನ್ ಪಾಲ್ 1981ರ ತಮ್ಮ ವಿಶ್ವಪತ್ರ 'ಲಬೋರೆಮ್ ಎಕ್ಸೆರ್ಚೆನ್ಸ್'ನಲ್ಲಿ ಒತ್ತಿ ಹೇಳಿದ್ದು ಈ ಕಾರಣಕ್ಕಾಗಿಯೇ.

ಸ್ವಂತ ತೋಟವುಳ್ಳವರ ಮನೆಗಳಲ್ಲಿ ಕಥೆ ಬೇರೆ, ಕೊನೆ ಒಂದೇ. ಮಗನಿಗೆ ಭೂಮಿ, ಮಗಳಿಗೆ ಒಡವೆ. ಭೂಮಿ ವರ್ಷವರ್ಷವೂ ಫಸಲು ಕೊಡುತ್ತದೆ, ಅದರ ಬೆಲೆಯೂ ಏರುತ್ತದೆ. ಒಡವೆಯಾದರೋ ಗೊಬ್ಬರಕ್ಕೆಂದೋ ಮಕ್ಕಳ ಓದಿಗೆಂದೋ ಅಡವಿಗೆ ಹೋಗುತ್ತದೆ. ಹೆಂಡತಿಯ ಚಿನ್ನದಿಂದ ಬೆಳೆದ ತೋಟದ ಪಹಣಿಯಲ್ಲಿ ಅವಳ ಹೆಸರು ಕಾಣುವುದು ಅಪರೂಪ.

"ಮದುವೆಯಲ್ಲಿ ಕೊಟ್ಟಾಗಿದೆಯಲ್ಲ, ಇನ್ನೇನು ಪಾಲು?" ಎನ್ನುವ ಮಾತನ್ನು ನೀವೂ ಕೇಳಿದ್ದೀರಿ. ಕ್ರೈಸ್ತರಾದ ನಮಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಹಾಗೆ ಹೇಳುವುದಿಲ್ಲ. ಉಯಿಲು ಬರೆಯದೆ ತೀರಿಕೊಂಡವರ ಆಸ್ತಿಯಲ್ಲಿ, ಮಕ್ಕಳಿದ್ದರೆ, ವಿಧವೆಗೆ ಮೂರನೆಯ ಒಂದು ಭಾಗ. ಉಳಿದುದು ಗಂಡುಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಸಮಪಾಲು. ತಂದೆ ಬದುಕಿದ್ದಾಗ ಮಗಳಿಗೆ ಕೊಟ್ಟುದನ್ನು ಆ ಪಾಲಿನಲ್ಲಿ ಕಳೆಯುವಂತಿಲ್ಲವೆಂದು ಅದರ 49ನೇ ಕಲಮು ತಿಳಿಸುತ್ತದೆ. ಕೇರಳದ ತಿರುವಾಂಕೂರು ಭಾಗದಲ್ಲಿ ಮಗನ ಪಾಲಿನ ಕಾಲು ಭಾಗ ಅಥವಾ ಐದು ಸಾವಿರ ರೂಪಾಯಿ, ಇವೆರಡರಲ್ಲಿ ಕಡಿಮೆಯಾದುದೇ ಮಗಳಿಗೆ ಸಾಕೆಂಬ ಹಳೆಯ ಕಾನೂನಿತ್ತು. ಮೇರಿ ರಾಯ್ ಎಂಬ ಕ್ರೈಸ್ತ ಮಹಿಳೆ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ಅದು ಇನ್ನು ಸಲ್ಲದೆಂದು ತೀರ್ಪು ನೀಡಿತು.

ಆದರೂ ಎದುರುವಾದವನ್ನು ಹಗುರವಾಗಿ ಕಾಣಬಾರದು. ಎರಡು ಎಕರೆ ತೋಟವನ್ನು ನಾಲ್ಕಾಗಿ ಸೀಳಿದರೆ ಯಾರ ಹೊಟ್ಟೆಯೂ ತುಂಬದು. ಊರಿನಲ್ಲೇ ಉಳಿದು ಬೆಲೆ ಕುಸಿದ ವರ್ಷಗಳಲ್ಲೂ ಗಿಡಗಳನ್ನು ಕಾಪಾಡಿದ ಮಗನ ಶ್ರಮವೂ ಶ್ರಮವೇ. ಆದರೆ ಪಾಲು ಕೊಡಲು ಭೂಮಿಯನ್ನು ಸೀಳಲೇಬೇಕೆಂದಿಲ್ಲ. ಪಾಲಿನ ಬೆಲೆಯನ್ನು ಫಸಲಿನಿಂದ ಫಸಲಿಗೆ ತೀರಿಸಬಹುದು. ಅಕ್ಕತಂಗಿಯರು ಮನಸಾರೆ ಬಿಟ್ಟುಕೊಡುವುದಾದರೆ ಅದು ಅವರ ಔದಾರ್ಯ. ಆದರೆ ಓದಿ ಹೇಳದೆ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಔದಾರ್ಯವಲ್ಲ, ಅಪಹರಣ. ಕೊಡುವ ಸ್ವಾತಂತ್ರ್ಯ ಇರುವುದು ಹಕ್ಕು ತನ್ನದೆಂದು ತಿಳಿದವರಿಗೆ ಮಾತ್ರ.

ಆದ್ದರಿಂದ, ಪ್ರಿಯರೇ, ಈ ತಿಂಗಳು ಮನೆಮಂದಿಯೆಲ್ಲ ಕುಳಿತು ನಾಲ್ಕು ಸಂಗತಿಗಳನ್ನು ವಿಚಾರಿಸಿ. ತೋಟದ ದಾಖಲೆಯಲ್ಲಿ ಮನೆಯೊಡತಿಯ ಹೆಸರಿದೆಯೇ? ಉಯಿಲು ಬರೆಯುವುದಾದರೆ ಅದರಲ್ಲಿ ಅವಳಿಗೂ ಹೆಣ್ಣುಮಕ್ಕಳಿಗೂ ನ್ಯಾಯ ಸಂದಿದೆಯೇ? ಅವಳದೇ ಹೆಸರಿನಲ್ಲಿ ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಉಳಿತಾಯವಿದೆಯೇ? ನಿಮ್ಮಲ್ಲಿ ದುಡಿಯುವ ಹೆಣ್ಣಾಳಿನ ಹಾಜರಿ ಸರಿಯಾಗಿ ದಾಖಲಾಗುತ್ತಿದೆಯೇ?

ಆದಿ ಧರ್ಮಸಭೆಯಲ್ಲಿ ದಿನನಿತ್ಯದ ಹಂಚಿಕೆಯಲ್ಲಿ ಕೆಲವು ವಿಧವೆಯರು ಕಡೆಗಣಿಸಲ್ಪಟ್ಟರು. ಆಗ ಪ್ರೇಷಿತರು ಅವರಿಗೆ ಸಹನೆಯ ಉಪದೇಶ ಮಾಡಿ ಸುಮ್ಮನಾಗಲಿಲ್ಲ. ಏಳು ಮಂದಿಯನ್ನು ನೇಮಿಸಿ ವ್ಯವಸ್ಥೆಯನ್ನೇ ಸರಿಪಡಿಸಿದರು. ಪ್ರಭುಯೇಸು ಶಿಲುಬೆಯ ಮೇಲೆ ಪ್ರಾಣ ಬಿಡುವ ವೇಳೆಯಲ್ಲೂ ತಾಯಿ ಮರಿಯಳಿಗೊಂದು ಆಸರೆಯನ್ನು ಗೊತ್ತುಮಾಡಿದರು. ತಾಯಿಯ ನಾಳೆಯನ್ನು ಯಾರೋ ನೋಡಿಕೊಳ್ಳುತ್ತಾರೆಂದು ಅವರು ಬಿಡಲಿಲ್ಲ. ನಾವೂ ಬಿಡದಿರೋಣ.